ಎಂಟು-ನಾಲ್ಕರ ಶೀಟಿಗೆ ಯಾವ ಕಟಿಂಗ್ ಮಷಿನ್? ಸಣ್ಣ ಬೋರ್ಡ್ ಕಾರ್ಯಾಗಾರದ ಲೆಕ್ಕದಲ್ಲಿ ಒಂದು ವಿಮರ್ಶೆ

ಅಂಗಡಿ ಮುಂಗಟ್ಟುಗಳಿಗೆ ಬೋರ್ಡ್ ಮಾಡಿಕೊಡುವ ಕಸುಬು ಕಳೆದ ಕೆಲವು ವರ್ಷಗಳಲ್ಲಿ ಫ್ಲೆಕ್ಸ್‌ನಿಂದ ಗಟ್ಟಿ ಶೀಟಿನ ಕಡೆಗೆ ಸರಿದಿದೆ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಫ್ಲೆಕ್ಸ್ ಮತ್ತು ಬ್ಯಾನರ್‌ಗಳನ್ನೂ ನಿಷೇಧಿಸಿದ್ದು ಇದಕ್ಕೆ ಒಂದು ಕಾರಣವಾದರೆ, ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಬಂದ ತಿದ್ದುಪಡಿ ಇನ್ನೊಂದು ಕಾರಣ. ನಾಮಫಲಕದ ಶೇ. 60ರಷ್ಟು ಭಾಗ ಕನ್ನಡದಲ್ಲಿರಬೇಕು, ಅದೂ ಮೇಲ್ಭಾಗದಲ್ಲಿರಬೇಕು ಎಂದಾದ ಮೇಲೆ ಹಳೆಯ ಬೋರ್ಡಿಗೆ ತೇಪೆ ಹಾಕುವುದಕ್ಕಿಂತ ಹೊಸದನ್ನೇ ಮಾಡಿಸುವವರು ಹೆಚ್ಚಾದರು. ಹೊಸದು ಎಂದರೆ ಈಗ ಎಸಿಪಿ (ಎರಡು ತೆಳು ಅಲ್ಯೂಮಿನಿಯಂ ಪದರಗಳ ನಡುವೆ ಪ್ಲಾಸ್ಟಿಕ್ ತಿರುಳಿರುವ) ಶೀಟಿನ ಹಿನ್ನೆಲೆ, ಅದರ ಮೇಲೆ ಅಕ್ರಿಲಿಕ್ ಅಥವಾ ಹಗುರ ಪ್ಲಾಸ್ಟಿಕ್ ಫೋಮ್ ಹಲಗೆಯಾದ ಸನ್‌ಬೋರ್ಡಿನ ಅಕ್ಷರ, ಒಳಗೆ ಎಲ್‌ಇಡಿ. ಹೀಗಾಗಿ ಫ್ಲೆಕ್ಸ್ ಪ್ರಿಂಟಿಂಗ್ ಮಾಡಿ ಅಂಚಿಗೆ ಹಗ್ಗ ಕಟ್ಟುವ ಐಲೆಟ್ ಹೊಡೆದುಕೊಡುತ್ತಿದ್ದ ಸಣ್ಣ ಅಂಗಡಿಗಳೆಲ್ಲ ಶೀಟು ಕತ್ತರಿಸುವ ಯಂತ್ರ ಹುಡುಕತೊಡಗಿವೆ.

ಇಲ್ಲಿ ನಾನು ತೂಗಿ ನೋಡುತ್ತಿರುವುದು ದಾವಣಗೆರೆಯಂಥ ಊರಿನಲ್ಲಿ 20×30 ಅಡಿಯ ಬಾಡಿಗೆ ಮಳಿಗೆಯಲ್ಲಿ, ಇಬ್ಬರು ಮೂವರು ಕೆಲಸಗಾರರನ್ನು ಇಟ್ಟುಕೊಂಡು, ತಿಂಗಳಿಗೆ ಹತ್ತಿಪ್ಪತ್ತು ಬೋರ್ಡು ಮಾಡುವ ಕಾರ್ಯಾಗಾರಕ್ಕೆ ಒಗ್ಗುವ ಯಂತ್ರಗಳನ್ನು. ಬೆಂಗಳೂರಿನ ಪೀಣ್ಯದಲ್ಲಿ ದೊಡ್ಡ ಶೆಡ್ ಇಟ್ಟುಕೊಂಡು ಪೆಟ್ರೋಲ್ ಬಂಕ್‌ಗಳ, ಬ್ಯಾಂಕ್‌ಗಳ ಬೋರ್ಡನ್ನು ನೂರುಗಟ್ಟಲೆ ಮಾಡುವವರ ಲೆಕ್ಕವೇ ಬೇರೆ; ಅವರಿಗೆ ಈ ಬರಹದಿಂದ ಹೆಚ್ಚಿನ ಉಪಯೋಗವಿಲ್ಲ.

ಯಂತ್ರದ ಮಾತಿಗೆ ಮೊದಲು ಕೆಲಸದ ಸ್ವರೂಪವನ್ನು ಅಳೆಯಬೇಕು. ನಮ್ಮಲ್ಲಿ ಬಹುಪಾಲು ಶೀಟು ಬರುವುದು 8×4 ಅಡಿ, ಅಂದರೆ 2440×1220 ಮಿ.ಮೀ. ಅಳತೆಯಲ್ಲಿ. ಸಾಮಾನ್ಯವಾದ 12×3 ಅಡಿ ಬೋರ್ಡೊಂದನ್ನು ತೆಗೆದುಕೊಳ್ಳೋಣ. ನಾಲ್ಕೂ ಕಡೆ 2 ಇಂಚು ಮಡಚಿ ಡಬ್ಬದಂತೆ ಮಾಡುವುದಾದರೆ ಎತ್ತರ 3 ಅಡಿ 4 ಇಂಚು, ಉದ್ದ 12 ಅಡಿ 4 ಇಂಚು ಬೇಕಾಗುತ್ತದೆ. ಮೊದಲ ಶೀಟು ಪೂರ್ತಿ 8 ಅಡಿ ಉದ್ದಕ್ಕೆ ಹೋಗುತ್ತದೆ, ಎರಡನೆಯದರಿಂದ 4 ಅಡಿ 4 ಇಂಚಿನ ತುಂಡು ಬರುತ್ತದೆ. ಈ ಕೆಲಸದಲ್ಲಿ ಎರಡು ಬಗೆಯ ಕಟ್ ಇವೆ: ಶೀಟಿನ ಉದ್ದಕ್ಕೆ 8 ಅಡಿ ಓಡುವ ಕಟ್ ಒಂದು, ಅಗಲಕ್ಕೆ ಅಡ್ಡಲಾಗಿ 4 ಅಡಿ ಓಡುವ ಕಟ್ ಇನ್ನೊಂದು. ಅಗಲಕ್ಕೆ ಓಡುವ ಕಟ್ ಸುಲಭ. ಉದ್ದಕ್ಕೆ ಓಡುವ ಕಟ್ಟೇ ಕಷ್ಟ, ಪ್ರತಿ ಬೋರ್ಡಿಗೂ ಬೇಕಾದದ್ದೂ ಅದೇ. ಆಶ್ಚರ್ಯವೆಂದರೆ, ಸಣ್ಣ ಅಂಗಡಿಗೆಂದು ಮಾರುವ ಯಂತ್ರಗಳಲ್ಲಿ ಅರ್ಧಕ್ಕರ್ಧ ಯಂತ್ರಗಳಿಗೆ ಈ ಎಂಟಡಿ ಕಟ್ ಬರುವುದಿಲ್ಲ. ಕೊಟೇಶನ್ ಕೇಳುವಾಗ ನಾವು ದಪ್ಪ ಎಷ್ಟು ಕತ್ತರಿಸುತ್ತದೆ ಎಂದು ಕೇಳುತ್ತೇವೆ, ಉದ್ದ ಎಷ್ಟು ಎಂದು ಕೇಳುವುದಿಲ್ಲ.

ಗೋಡೆಗೆ ಒರಗಿಸಿ ನಿಲ್ಲಿಸುವ ವರ್ಟಿಕಲ್ ಕಟ್ಟರ್‌ಗಳ ವಿಷಯದಲ್ಲಿ ಈ ಪ್ರಶ್ನೆ ಮೊದಲು ಬರುತ್ತದೆ. ಇಂಗ್ಲೆಂಡಿನ ಕೀನ್‌ಕಟ್ ಕಂಪನಿಯ ಸ್ಟೀಲ್‌ಟ್ರ್ಯಾಕ್, ಅಮೆರಿಕದ ಫ್ಲೆಚರ್ ಕಂಪನಿಯ ಕಟ್ಟರ್ ಈ ಜಾತಿಯ ಪ್ರಸಿದ್ಧ ಮಾದರಿಗಳು. ಇವುಗಳ ಅಚ್ಚಿನಲ್ಲೇ ಮಾಡಿದ ಅಗ್ಗದ ಯಂತ್ರಗಳೂ ಪೇಟೆಯಲ್ಲಿವೆ. ಶೀಟನ್ನು ಅಡ್ಡವಾಗಿ ಹಲಗೆಯ ಮೇಲೆ ನಿಲ್ಲಿಸಿ, ಮೇಲಿನಿಂದ ಕೆಳಕ್ಕೆ ಹಿಡಿಕೆಯನ್ನು ಎಳೆದರೆ ಕಟ್ ಆಯಿತು. ಸನ್‌ಬೋರ್ಡಿಗೆ ಬ್ಲೇಡು, ಅಕ್ರಿಲಿಕ್‌ಗೆ ಗೀರು ಹಾಕುವ ಮೊನೆ, ಎಸಿಪಿಗೆ ಜೋಡಿ ಚಕ್ರ ಎಂದು ಬೇರೆ ಬೇರೆ ಹಲ್ಲುಗಳನ್ನು ಬದಲಾಯಿಸಿಕೊಳ್ಳಬಹುದು. ವಿದ್ಯುತ್ ಬೇಡ, ಸದ್ದಿಲ್ಲ, ಪುಡಿ ಹಾರುವುದಿಲ್ಲ. ಮಧ್ಯಾಹ್ನ ಕರೆಂಟು ಹೋದಾಗಲೂ ಕೆಲಸ ನಿಲ್ಲದಿರುವುದು ನಮ್ಮ ಊರುಗಳಲ್ಲಿ ಸಣ್ಣ ಅನುಕೂಲವೇನಲ್ಲ. ಕೋನವನ್ನು ಒಮ್ಮೆ ಹೊಂದಿಸಿಟ್ಟರೆ ಪ್ರತಿ ತುಂಡೂ ಚೌಕಕ್ಕೆ ಬರುತ್ತದೆ. ಗಾಜಿನ ಚೌಕಟ್ಟು, ಫೋಟೋ ಫ್ರೇಮ್, ಡಿಸ್‌ಪ್ಲೇ ಬೋರ್ಡ್ ಮಾಡುವವರಿಗೆ ಇದಕ್ಕಿಂತ ಅಚ್ಚುಕಟ್ಟಾದ ಸಾಧನ ಕಾಣೆ.

ಆದರೆ ಅಂಗಡಿಯವರು ಹೆಚ್ಚಾಗಿ ತೋರಿಸುವುದು 165 ಸೆಂ.ಮೀ. ಮಾದರಿಯನ್ನು. ಅದರಲ್ಲಿ 4 ಅಡಿಯ ಅಡ್ಡ ಕಟ್ ಧಾರಾಳವಾಗಿ ಬರುತ್ತದೆ, 8 ಅಡಿಯ ಉದ್ದದ ಕಟ್ ಬರುವುದೇ ಇಲ್ಲ. ಅದಕ್ಕೆ 250 ಸೆಂ.ಮೀ. ಮಾದರಿ ಬೇಕು, ಶೀಟನ್ನು ಉದ್ದುದ್ದ ನಿಲ್ಲಿಸಬೇಕು. ಯಂತ್ರದ ಕಾಲು, ಮೇಲಿನ ಚೌಕಟ್ಟು ಎಲ್ಲ ಸೇರಿದರೆ ಹತ್ತಡಿ ಎತ್ತರದ ಮಳಿಗೆಯ ಮೋಲ್ಡ್‌ಗೆ ತಾಗುವಷ್ಟಾಗುತ್ತದೆ; ತೊಲೆ ಅಡ್ಡ ಬಂದರಂತೂ ಮುಗಿಯಿತು. ಆಮದು ಯಂತ್ರಗಳ ಬೆಲೆ ಲಕ್ಷ ದಾಟುವುದರಿಂದ, ಅಷ್ಟು ಕೊಟ್ಟು ತಂದು ಉದ್ದದ ಕಟ್‌ಗೆ ಮತ್ತೆ ಕೈಕಟ್ಟರ್ ಹಿಡಿಯುವುದು ಸರಿಯಲ್ಲ. ವರ್ಟಿಕಲ್ ಕಟ್ಟರ್ ಒಳ್ಳೆಯ ಯಂತ್ರ. ಬೋರ್ಡ್ ಕಾರ್ಯಾಗಾರದ ಮೊದಲ ಯಂತ್ರವಾಗಲು ಮಾತ್ರ ಯೋಗ್ಯವಲ್ಲ.

ಕಾಲಿನಿಂದ ಒತ್ತುವ ಶಿಯರಿಂಗ್ ಮಷಿನ್‌ನದೂ ಹೆಚ್ಚುಕಡಿಮೆ ಇದೇ ಕಥೆ. ತಗಡಿನ ಕೆಲಸದವರ ಬಳಿ ಇರುವ ನಾಲ್ಕಡಿ ಯಂತ್ರ 18 ಗೇಜ್‌ವರೆಗಿನ, ಅಂದರೆ 1.2 ಮಿ.ಮೀ. ಆಸುಪಾಸಿನ ಜಿಐ (ಸತು ಲೇಪಿತ ಕಬ್ಬಿಣದ) ಶೀಟನ್ನು ಬೆಣ್ಣೆಯಂತೆ ಕತ್ತರಿಸುತ್ತದೆ. ರಸ್ತೆ ಫಲಕ, ಶಾಲೆಯ ಬೋರ್ಡು, ಗ್ರಾಮ ಪಂಚಾಯಿತಿಯ ಹಸಿರು ಫಲಕಗಳ ಕೆಲಸ ಹೆಚ್ಚಿರುವವರಿಗೆ ಅದು ಬೇಕೇ ಬೇಕು. ಸ್ಟೇನ್‌ಲೆಸ್ ಸ್ಟೀಲ್‌ಗೆ ಬಂದಾಗ ಅದೇ ಯಂತ್ರದ ಶಕ್ತಿ ಬಹಳ ತಗ್ಗುತ್ತದೆ ಎಂಬುದನ್ನು ನೆನಪಿಡಬೇಕು. ಎಸಿಪಿಯನ್ನೂ ಇದರಲ್ಲಿ ಕತ್ತರಿಸಬಹುದು, ಆದರೆ ಬ್ಲೇಡು ಇಳಿಯುವ ಕಡೆಯ ಅಲ್ಯೂಮಿನಿಯಂ ಪದರ ತುಸು ಕೆಳಕ್ಕೆ ಬಾಗುತ್ತದೆ, ಶೀಟನ್ನು ಹಿಡಿಯುವ ಪಟ್ಟಿಯ ಗುರುತೂ ಬೀಳುತ್ತದೆ. ಅಂಚು ಚೌಕಟ್ಟಿನೊಳಗೆ ಮರೆಯಾಗುವುದಾದರೆ ಪರವಾಗಿಲ್ಲ. ಎದುರಿಗೆ ಕಾಣುವುದಾದರೆ ಗಿರಾಕಿ ಬೆರಳಿಟ್ಟು ತೋರಿಸುವುದು ಖಂಡಿತ. ಇದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೆದರಬೇಕಾಗಿಲ್ಲ. ಹಳೆಯ ದಿನಪತ್ರಿಕೆಯ ಹಾಳೆಯೊಂದನ್ನು ಬ್ಲೇಡಿನ ಎಡತುದಿಯಲ್ಲಿ, ನಡುವೆ, ಬಲತುದಿಯಲ್ಲಿ ಇಟ್ಟು ಒತ್ತಿ ನೋಡಬೇಕು. ಮೂರೂ ಕಡೆ ಕಾಗದ ಹರಿಯದೆ ನೀಟಾಗಿ ತುಂಡಾದರೆ ಬ್ಲೇಡು ಸರಿಯಿದೆ. ಒಂದು ಕಡೆ ಮಡಚಿಕೊಂಡು ಸಂದಿಯೊಳಕ್ಕೆ ಹೋದರೆ ಅಲ್ಲಿ ಬ್ಲೇಡು ಸವೆದಿದೆ ಅಥವಾ ಅಂತರ ತಪ್ಪಿದೆ ಎಂದರ್ಥ.

ಸದ್ಯ ನಮ್ಮ ಸುತ್ತಲಿನ ಬಹುತೇಕ ಕಾರ್ಯಾಗಾರಗಳು ಎಂಟಡಿ ಕಟ್ ಅನ್ನು ಮಾಡುತ್ತಿರುವುದು ನಾಲ್ಕಿಂಚಿನ ಮಾರ್ಬಲ್ ಕಟ್ಟರ್‌ಗೆ ಮರ ಕೊಯ್ಯುವ ಹಲ್ಲಿನ ಬ್ಲೇಡು ಹಾಕಿ. ಟೈಲ್ಸ್ ಕತ್ತರಿಸಲು ಮಾಡಿದ ಈ ಯಂತ್ರ ನಿಮಿಷಕ್ಕೆ 12 ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಅಷ್ಟು ವೇಗಕ್ಕೆ ತಕ್ಕ ಬ್ಲೇಡು ಇದೆಯೇ ಎಂಬುದು ಬ್ಲೇಡಿನ ಮೇಲೆಯೇ ಮುದ್ರಿತವಾಗಿರುತ್ತದೆ, ಓದುವವರು ಕಡಿಮೆ. ಮರದ ಗರಗಸಕ್ಕೆ ಇರುವಂಥ, ತಾನಾಗಿ ಮುಚ್ಚಿಕೊಳ್ಳುವ ಕೆಳಗಿನ ಕವಚ ಇದಕ್ಕೆ ಇಲ್ಲ. ಅಲ್ಯೂಮಿನಿಯಂ ಪಟ್ಟಿಯೊಂದನ್ನು ಕ್ಲಾಂಪ್‌ನಲ್ಲಿ ಹಿಡಿಸಿ ಅದರ ಪಕ್ಕದಲ್ಲಿ ಓಡಿಸಿದರೆ ಕಟ್ ಸಾಕಷ್ಟು ನೇರವಾಗಿ ಬರುತ್ತದೆ ಎಂಬುದು ನಿಜ; ಆದರೆ ಬ್ಲೇಡು ಶೀಟಿನಲ್ಲಿ ಕಚ್ಚಿಕೊಂಡ ಕ್ಷಣದಲ್ಲಿ ಯಂತ್ರ ಹಿಂದಕ್ಕೆ, ಹಿಡಿದವನ ತೊಡೆಯ ಕಡೆಗೇ ಚಿಮ್ಮುತ್ತದೆ. ಅಗ್ಗವೆಂಬ ಒಂದೇ ಕಾರಣಕ್ಕೆ ಇದನ್ನು ಕಾಯಂ ಸಾಧನವಾಗಿ ಇಟ್ಟುಕೊಳ್ಳುವುದನ್ನು ನಾನು ಒಪ್ಪಲಾರೆ. ಬ್ಲೇಡು ಮೇಲೆ ಕೆಳಗೆ ಓಡುವ ಜಿಗ್‌ಸಾ ಎಂಟಡಿ ಕಟ್‌ಗೆ ಅಲ್ಲವೇ ಅಲ್ಲ.

ನನ್ನ ತೂಕದಲ್ಲಿ ಮೊದಲ ಸ್ಥಾನ ಪಡೆಯುವುದು ಗೈಡ್ ರೈಲು ಎಂಬ ನೇರ ಪಟ್ಟಿಯ ಮೇಲೆ ಓಡುವ ವಿದ್ಯುತ್ ಗರಗಸ, ಪ್ಲಂಜ್ ಸಾ. ಇಂಟೀರಿಯರ್ ಕೆಲಸದ ಬಡಗಿಗಳು ಪ್ಲೈವುಡ್‌ಗೆ ಬಳಸುವ ಇದನ್ನು ಟ್ರ್ಯಾಕ್ ಸಾ ಎಂದೂ ಕರೆಯುತ್ತಾರೆ. ಮಕಿಟಾ, ಬಾಷ್ ಮುಂತಾದ ಕಂಪನಿಗಳ ಮಾದರಿಗಳಿವೆ. ಮೂರು ಮೀಟರಿನ ಒಂದೇ ರೈಲು ತೆಗೆದುಕೊಂಡರೆ ಎಂಟಡಿ ಶೀಟಿನ ಎರಡೂ ತುದಿಗೆ ಅಂಗೈ ಅಗಲಕ್ಕಿಂತ ಹೆಚ್ಚು ಮಿಗುತ್ತದೆ. ಒಂದೂವರೆ ಮೀಟರಿನ ಎರಡು ರೈಲುಗಳನ್ನು ಕೀಲಿ ಹಾಕಿ ಜೋಡಿಸಬಹುದು, ಸಾಗಿಸಲೂ ಅದು ಅನುಕೂಲ. ಆದರೆ ಜೋಡಣೆಯಲ್ಲಿ ಕೂದಲೆಳೆಯಷ್ಟು ಸೊಟ್ಟ ಉಳಿದರೂ ಎಂಟಡಿಯ ತುದಿಯಲ್ಲಿ ಅದು ಕಣ್ಣಿಗೆ ಬೀಳುವಷ್ಟು ಬೆಳೆಯುತ್ತದೆ. ಆದ್ದರಿಂದ ಬಾಡಿಗೆ ಆಟೋದಲ್ಲಿ ತರಲು ಕಷ್ಟವಾದರೂ ಒಂದೇ ತುಂಡಿನ ರೈಲೇ ಮೇಲು. ಜೊತೆಗೆ ಮರದ ಬ್ಲೇಡಿನ ಬದಲು ಅಲ್ಯೂಮಿನಿಯಂ ಕತ್ತರಿಸುವ, ಹಲ್ಲು ಒತ್ತೊತ್ತಾಗಿರುವ ಬ್ಲೇಡನ್ನೇ ಕೇಳಿ ಪಡೆಯಬೇಕು. ವೇಗ ತಗ್ಗಿಸುವ ಗುಂಡಿ ಇರುವ ಮಾದರಿಯಾದರೆ ಅಕ್ರಿಲಿಕ್ ಕೂಡ ಕರಗಿ ಅಂಟಿಕೊಳ್ಳದೆ ಬರುತ್ತದೆ. ಮನೆಯ ಸಾಧಾರಣ ಸಿಂಗಲ್ ಫೇಸ್ ಸಂಪರ್ಕ ಇದಕ್ಕೆ ಸಾಕು.

ಈ ಗರಗಸಕ್ಕೆ ಒಂದು ಮೇಜು ಬೇಕು, ಅದನ್ನು ಯಾವ ಡೀಲರನೂ ಕೊಟೇಶನ್‌ನಲ್ಲಿ ಬರೆಯುವುದಿಲ್ಲ. ಚೌಕ ಪೈಪಿನ ಚೌಕಟ್ಟಿನ ಮೇಲೆ ಎಂಟು-ನಾಲ್ಕರ ಪ್ಲೈವುಡ್, ಅದರ ಮೇಲೆ ಅಷ್ಟೇ ಅಗಲದ ಥರ್ಮಕೋಲ್ ಹಾಸು ಹಾಕಿದರೆ ಸಾಕು. ಬ್ಲೇಡು ಶೀಟಿನಿಂದ ಎರಡು ಮೂರು ಮಿ.ಮೀ. ಮಾತ್ರ ಕೆಳಗಿಳಿಯುವಂತೆ ಇಟ್ಟುಕೊಂಡರೆ ಹಾಸು ತಿಂಗಳುಗಟ್ಟಲೆ ಬಾಳುತ್ತದೆ. 5 ಮಿ.ಮೀ. ಅಕ್ರಿಲಿಕ್ ಶೀಟೊಂದು 17-18 ಕೆ.ಜಿ. ತೂಗುತ್ತದೆ, 1 ಮಿ.ಮೀ. ಜಿಐ ಶೀಟು 23 ಕೆ.ಜಿ. ದಾಟುತ್ತದೆ. ತೂಕಕ್ಕಿಂತ ಅದರ ಅಗಲವೇ ತೊಂದರೆ ಕೊಡುವುದು. ಮೇಜಿನ ಎತ್ತರ ಸೊಂಟಕ್ಕೆ ಸರಿಯಾಗಿದ್ದು, ಶೀಟು ಪೇರಿಸಿಡುವ ಸ್ಟ್ಯಾಂಡ್ ಅದರ ಪಕ್ಕದಲ್ಲೇ ಇದ್ದರೆ ಒಬ್ಬನೇ ಕೆಲಸಗಾರ ಶೀಟನ್ನು ವಾಲಿಸಿ ಮೇಜಿನ ಮೇಲೆ ಮಲಗಿಸಿಕೊಳ್ಳಬಹುದು. ಮಡಚುವ ಕೆಲಸಕ್ಕೂ ಇದೇ ಮೇಜು, ಇದೇ ರೈಲು ಒದಗುತ್ತವೆ. ಕೈಯಲ್ಲಿ ಹಿಡಿದು ಕೊರೆಯುವ ಸಣ್ಣ ಟ್ರಿಮ್ಮರ್‌ಗೆ 90 ಡಿಗ್ರಿಯ ವಿ-ಗ್ರೂವ್ ಬಿಟ್ ಹಾಕಿ ಎಸಿಪಿಯ ಹಿಂಬದಿಯಲ್ಲಿ ಗಾಡಿ, ಅಂದರೆ ಮಡಚಲು ಅನುವಾಗುವ ಉದ್ದನೆಯ ತೋಡು, ತೆಗೆಯುವಾಗ ಮುಂಬದಿಯ ಅಲ್ಯೂಮಿನಿಯಂ ಪದರದ ಮೇಲೆ ಪ್ಲಾಸ್ಟಿಕ್ ತಿರುಳು ಸುಮಾರು 0.3 ಮಿ.ಮೀ.ನಷ್ಟು ಉಳಿಯಬೇಕು. ಪೂರ್ತಿ ಕೆರೆದರೆ ಮಡಚುವಾಗ ತಗಡು ಬಿರಿಯುತ್ತದೆ, ಹೆಚ್ಚು ಉಳಿಸಿದರೆ ಮೂಲೆ ದುಂಡಗಾಗುತ್ತದೆ. ಮೇಜು ಸಮತಟ್ಟಾಗಿಲ್ಲದಿದ್ದರೆ ಇಷ್ಟು ಸೂಕ್ಷ್ಮದ ಆಳ ಎಂಟಡಿಯುದ್ದಕ್ಕೂ ಒಂದೇ ಸಮ ಬರುವುದು ಸಾಧ್ಯವಿಲ್ಲ. ಹಾಗಾಗಿ ಗಾಡಿ ತೆಗೆಯುವಾಗ ಥರ್ಮಕೋಲ್ ತೆಗೆದು, ಗಟ್ಟಿ ಪ್ಲೈವುಡ್ ಮೇಲೆಯೇ ಶೀಟು ಹಾಸುವುದು ವಾಸಿ.

ಕತ್ತರಿಸಿದ್ದು ಚೌಕವಾಗಿದೆಯೇ ಎಂದು ನೋಡಲು ಮಟ್ಟಗೋಲಿಗಿಂತ ಟೇಪೇ ನಂಬಿಗಸ್ತ. ಪೂರ್ತಿ ಶೀಟಿನ ಮೂಲೆಯಿಂದ ಮೂಲೆಗೆ 2728 ಮಿ.ಮೀ. ಬರಬೇಕು, ಎರಡೂ ಕರ್ಣಗಳು ಸಮವಾಗಿದ್ದರೆ ಶೀಟು ಚೌಕಕ್ಕಿದೆ. ಫ್ಯಾಕ್ಟರಿಯಿಂದ ಬರುವ ಶೀಟುಗಳೇ ಕೆಲವೊಮ್ಮೆ ಒಂದೆರಡು ಮಿ.ಮೀ. ಅತ್ತಿತ್ತ ಇರುವುದರಿಂದ, ಶೀಟಿನ ಅಂಚನ್ನೇ ಆಧಾರವಾಗಿ ಇಟ್ಟುಕೊಂಡು ಅಳೆಯುವ ಮೊದಲು ಈ ಪರೀಕ್ಷೆ ಆಗಲೇಬೇಕು. ಇನ್ನೊಂದು ಮಾತು: ಹೊಳೆಯುವ ಮೆಟಾಲಿಕ್ ಬಣ್ಣದ ಎಸಿಪಿಯ ರಕ್ಷಣಾ ಪೊರೆಯ ಮೇಲೆ ಬಾಣದ ಗುರುತಿರುತ್ತದೆ. ಎರಡು ಶೀಟು ಜೋಡಿಸಿ ಮಾಡುವ ಬೋರ್ಡಿನಲ್ಲಿ ಬಾಣಗಳೆಲ್ಲ ಒಂದೇ ದಿಕ್ಕಿಗೆ ಇರಬೇಕು. ಮಿಕ್ಕ ತುಂಡು ವ್ಯರ್ಥವಾಗಬಾರದೆಂದು ಅಡ್ಡ ತಿರುಗಿಸಿ ಹಾಕಿದರೆ, ಮಳಿಗೆಯೊಳಗೆ ಒಂದೇ ಬಣ್ಣದಂತೆ ಕಂಡದ್ದು ಬಿಸಿಲಿಗೆ ಹೋದ ಮೇಲೆ ಎರಡು ಬಣ್ಣವಾಗಿ ಕಾಣುತ್ತದೆ.

ಬಡಗಿಗಳ ಸ್ಲೈಡಿಂಗ್ ಟೇಬಲ್ ಪ್ಯಾನೆಲ್ ಸಾ ಬಗ್ಗೆಯೂ ವಿಚಾರಿಸುವವರಿದ್ದಾರೆ. ಕಟ್ ಅತ್ಯುತ್ತಮ, ಸಂದೇಹವಿಲ್ಲ. ಆದರೆ 3200 ಮಿ.ಮೀ. ಮೇಜು ಹಿಂದಕ್ಕೂ ಮುಂದಕ್ಕೂ ಸರಿಯಲು ಇಪ್ಪತ್ತಡಿಗೂ ಮಿಕ್ಕ ಜಾಗ ಬೇಕು. ನಮ್ಮ ಮಳಿಗೆಯ ಒಂದು ಅಳತೆಯೇ ಇಪ್ಪತ್ತಡಿ.

ಇನ್ನು ಎಲ್ಲರ ಕಣ್ಣೂ ಇರುವ ಲೇಸರ್ ಮತ್ತು ಸಿಎನ್‌ಸಿ ರೂಟರ್‌ಗಳ (ಕಂಪ್ಯೂಟರ್ ಹೇಳಿದಂತೆ, ತಿರುಗುವ ಬಿಟ್ಟಿನಿಂದ ಕೊರೆಯುವ ಯಂತ್ರಗಳ) ವಿಷಯ. "ಇದೊಂದ್ ಇದ್ರೆ ಸಾಕು ಸರ್, ಎಲ್ಲಾ ಕಟ್ ಆಗುತ್ತೆ" ಎಂಬ ಮಾತನ್ನು ಎರಡೂ ಯಂತ್ರಗಳ ಮಾರಾಟಗಾರರಿಂದ ಕೇಳಿದ್ದೇನೆ. ಸಿಎನ್‌ಸಿ ಮಟ್ಟಿಗೆ ಅದು ಮುಕ್ಕಾಲು ನಿಜ, ಲೇಸರ್ ಮಟ್ಟಿಗೆ ಕಾಲು ಭಾಗವೂ ನಿಜವಲ್ಲ.

ಸಣ್ಣ ಅಂಗಡಿಗಳಿಗೆ ಸಾಮಾನ್ಯವಾಗಿ ಬರುವ ಸಿಒ2 ಲೇಸರ್ ಯಂತ್ರವನ್ನು 1390 ಎಂದು ಕರೆಯುತ್ತಾರೆ, 1300×900 ಮಿ.ಮೀ. ಎಂಬ ಬೆಡ್ಡಿನ ಅಳತೆಯಿಂದ ಬಂದ ಹೆಸರು. ಎಂಟು-ನಾಲ್ಕರ ಶೀಟು ಅದರೊಳಗೆ ಹಿಡಿಸುವುದಿಲ್ಲ. ಶೀಟನ್ನು ಮೊದಲು 1220×813 ಮಿ.ಮೀ.ನ ಮೂರು ತುಂಡು ಮಾಡಿಕೊಳ್ಳಬೇಕು, ಅಂದರೆ ಲೇಸರ್ ಕೊಂಡರೂ ನೇರ ಕಟ್‌ನ ಸಾಧನ ಬೇರೆ ಬೇಕು. ಎಸಿಪಿಯ ಅಲ್ಯೂಮಿನಿಯಂ ಪದರವನ್ನು ಇದು ಕತ್ತರಿಸಲಾರದು. ಸನ್‌ಬೋರ್ಡಂತೂ ಹಾಕಲೇಬಾರದು. ಪೇಟೆಯಲ್ಲಿ ಸಿಗುವ ಸನ್‌ಬೋರ್ಡ್ ಬಹುಪಾಲು ಪಿವಿಸಿ. ಲೇಸರಿನ ಶಾಖಕ್ಕೆ ಅದು ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ, ಗಾಳಿಯ ತೇವ ಸೇರಿದರೆ ಅದೇ ಆಸಿಡ್ ಆಗುತ್ತದೆ. ಯಂತ್ರದ ರೈಲು, ಬೇರಿಂಗ್, ಕನ್ನಡಿಗಳಿಗೆ ತುಕ್ಕು ಹಿಡಿಸುವುದರ ಜೊತೆಗೆ ಪಕ್ಕದಲ್ಲಿ ನಿಂತವನ ಶ್ವಾಸಕೋಶವನ್ನೂ ಅದು ಕೆಡಿಸುತ್ತದೆ. ನಾವು ರೇಡಿಯಂ ಎಂದು ಕರೆಯುವ ವಿನೈಲ್ ಸ್ಟಿಕ್ಕರ್‌ಗೂ ಇದೇ ಮಾತು ಅನ್ವಯಿಸುತ್ತದೆ. ಪಾಲಿಕಾರ್ಬೊನೇಟ್ ಹಾಕಿದರೆ ಅಂಚು ಕಂದಾಗಿ ಸುಡುತ್ತದೆ. ಉಳಿಯುವುದು ಅಕ್ರಿಲಿಕ್, ಎಂಡಿಎಫ್, ತೆಳು ಪ್ಲೈ. ಅಕ್ರಿಲಿಕ್‌ನಲ್ಲಿ ಮಾತ್ರ ಇದಕ್ಕೆ ಸಾಟಿಯಿಲ್ಲ: ಅಂಚು ಪಾಲಿಶ್ ಮಾಡಿದಂತೆ ಹೊಳೆಯುತ್ತದೆ, ಕಟ್‌ನ ಅಗಲ 0.2 ಮಿ.ಮೀ. ಆಸುಪಾಸಿನಲ್ಲಿರುವುದರಿಂದ ಅತಿ ಸಣ್ಣ ಸಂದಿಯೂ ಮುಚ್ಚಿಕೊಳ್ಳುವುದಿಲ್ಲ.

ಕನ್ನಡ ಅಕ್ಷರಗಳ ಕೆಲಸದಲ್ಲಿ ಈ ಗುಣ ಬಹಳ ದೊಡ್ಡದು. ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ. 4 ಇಂಚಿನ ಸಾಲಿನಲ್ಲಿ ಪ್ರತಿ ಅಕ್ಷರವೂ 4 ಇಂಚೇ. ನಮ್ಮ "ಸ್ಟೋರ್ಸ್" ಪದದಲ್ಲಿ ಒತ್ತಕ್ಷರ ಮೂಲಾಕ್ಷರದ ಅರ್ಧದಷ್ಟಿರುತ್ತದೆ, ದೀರ್ಘದ ಗುರುತು ಬೇರೆಯೇ ತುಂಡಾಗಿ ನಿಲ್ಲುತ್ತದೆ, ಅರ್ಕಾವತ್ತಿನ ಬಾಲ ಪಕ್ಕದ ಅಕ್ಷರಕ್ಕೆ ತಾಗುವಂತಿರುತ್ತದೆ. 3 ಮಿ.ಮೀ. ರೂಟರ್ ಬಿಟ್ಟಿನಿಂದ ಕತ್ತರಿಸಿದರೆ ಒಳಮೂಲೆಗಳೆಲ್ಲ ಒಂದೂವರೆ ಮಿ.ಮೀ. ದುಂಡಗಾಗುತ್ತವೆ, ದೊಡ್ಡ ಅಕ್ಷರದಲ್ಲಿ ಅದು ಕಾಣುವುದಿಲ್ಲ, ಸಣ್ಣ ಒತ್ತಿನಲ್ಲಿ ಅಕ್ಷರದ ರೂಪವೇ ಕೆಡುತ್ತದೆ. ಆದ್ದರಿಂದ ಯಾವ ಯಂತ್ರದ ಡೆಮೊ ನೋಡಲು ಹೋದರೂ ಅವರ ಬಳಿಯಿರುವ ಹೂವು, ಗಣಪತಿಯ ವಿನ್ಯಾಸಗಳನ್ನು ಒಪ್ಪದೆ, ಒತ್ತು, ದೀರ್ಘ, ಅರ್ಕಾವತ್ತು ಮೂರೂ ಇರುವ ನಿಮ್ಮದೇ ಕಡತವನ್ನು ಕೊಟ್ಟು ಕತ್ತರಿಸಿ ತೋರಿಸಲು ಕೇಳಬೇಕು. ಆ ಕಡತದಲ್ಲಿ ಒತ್ತಕ್ಷರ ಮೂಲಾಕ್ಷರದ ಮೇಲೆ ಹಾಯ್ದಿರುವ ಕಡೆಯೆಲ್ಲ ಕೋರೆಲ್‌ಡ್ರಾದಲ್ಲಿ ವೆಲ್ಡ್ ಮಾಡಿ ಒಂದೇ ಗೆರೆ ಮಾಡಿಕೊಂಡಿರಬೇಕು. ಇಲ್ಲವಾದರೆ ಯಂತ್ರ ತನಗೆ ಕಂಡ ಗೆರೆಯನ್ನೆಲ್ಲ ನಿಷ್ಠೆಯಿಂದ ಕತ್ತರಿಸಿ, ಅಕ್ಷರದ ನಟ್ಟನಡುವೆ ಸೀಳು ಬಿಟ್ಟುಕೊಡುತ್ತದೆ. ಮುದ್ರಣದಲ್ಲಿ ಕಾಣದ ಈ ದೋಷ ಕಟಿಂಗ್‌ನಲ್ಲಿ ಶೀಟನ್ನೇ ಬಲಿ ತೆಗೆದುಕೊಳ್ಳುತ್ತದೆ.

ಲೇಸರ್ ಕೊಳ್ಳುವವರು ನೀರನ್ನು ತಂಪಾಗಿಸುವ ಚಿಲ್ಲರ್ ವಿಷಯದಲ್ಲಿ ಎಚ್ಚರದಿಂದಿರಬೇಕು. ಲೇಸರ್ ಹುಟ್ಟುವ ಗಾಜಿನ ಟ್ಯೂಬಿಗೆ ಸುತ್ತುವ ನೀರು 15ರಿಂದ 25 ಡಿಗ್ರಿಯೊಳಗೆ ಇದ್ದರೆ ಕ್ಷೇಮ. ಯಂತ್ರದ ಜೊತೆ ಹಲವರು ಕೊಡುವ ಸಿಡಬ್ಲ್ಯೂ-3000 ಎಂಬ ಪೆಟ್ಟಿಗೆ ನೋಡಲು ಚಿಲ್ಲರ್‌ನಂತೆಯೇ ಇದ್ದರೂ ಅದರಲ್ಲಿ ಕಂಪ್ರೆಸರ್ ಇಲ್ಲ, ಫ್ಯಾನಿನ ಗಾಳಿಯಿಂದ ನೀರಿನ ಶಾಖವನ್ನು ಹೊರಹಾಕುವುದಷ್ಟೇ ಅದರ ಕೆಲಸ. ಕೋಣೆಯ ಉಷ್ಣಾಂಶಕ್ಕಿಂತ ಕೆಳಗೆ ನೀರನ್ನು ಇಳಿಸಲು ಅದರಿಂದಾಗದು. ಏಪ್ರಿಲ್-ಮೇ ತಿಂಗಳಲ್ಲಿ ದಾವಣಗೆರೆ, ಬಳ್ಳಾರಿ, ಕಲಬುರಗಿ ಕಡೆಯ ಮಧ್ಯಾಹ್ನದಲ್ಲಿ ಅದನ್ನು ನಂಬಿ ಲೇಸರ್ ಓಡಿಸುವುದೆಂದರೆ ಟ್ಯೂಬಿನ ಆಯುಸ್ಸನ್ನು ಕೈಯಾರೆ ಕತ್ತರಿಸಿದಂತೆ. ಕಂಪ್ರೆಸರ್ ಇರುವ ಸಿಡಬ್ಲ್ಯೂ-5000 ಅಥವಾ 5200 ಮಾದರಿಯನ್ನೇ ಕೊಟೇಶನ್‌ನಲ್ಲಿ ಬರೆಸಿಕೊಳ್ಳಬೇಕು. ಟ್ಯೂಬು ಬಳಸದೆ ಇಟ್ಟರೂ ಕಾಲಕ್ರಮದಲ್ಲಿ ಶಕ್ತಿ ಕಳೆದುಕೊಳ್ಳುವುದರಿಂದ ಡೀಲರನ ಗೋದಾಮಿನಲ್ಲಿ ಎಷ್ಟು ಕಾಲ ಇತ್ತು ಎಂಬುದನ್ನು ತಿಳಿಯಲು ಅದರ ಮೇಲಿನ ತಯಾರಿಕಾ ದಿನಾಂಕ ನೋಡುವುದು ಒಳ್ಳೆಯದು. ಅಕ್ರಿಲಿಕ್ ಸುಟ್ಟ ವಾಸನೆ ಹೊರಹೋಗುವ ಪೈಪು ಪಕ್ಕದ ಮನೆಯ ಕಿಟಕಿಗೆ ಎದುರಾಗದಂತೆ ನೋಡಿಕೊಳ್ಳಬೇಕಾದದ್ದೂ ಇದೆ. ಇಲ್ಲದಿದ್ದರೆ ಒಂದೇ ವಾರದಲ್ಲಿ ಮಳಿಗೆಯ ಮಾಲೀಕರಿಗೆ ದೂರು ಹೋಗುತ್ತದೆ.

ಎಂಟು-ನಾಲ್ಕರ ಬೆಡ್ಡಿನ ಸಿಎನ್‌ಸಿ ರೂಟರ್ ನಿಜವಾಗಿಯೂ ಸಮರ್ಥ ಯಂತ್ರ. ಉದ್ದದ ಕಟ್, ಮಡಿಕೆಯ ಗಾಡಿ, ಸ್ಕ್ರೂ ತೂತು, ಅಕ್ಷರ ಎಲ್ಲವನ್ನೂ ಶೀಟು ಅಲುಗಿಸದೆ ಒಂದೇ ಹಿಡಿತದಲ್ಲಿ ಮುಗಿಸುತ್ತದೆ. ಎಸಿಪಿ, ಸನ್‌ಬೋರ್ಡ್, ಅಕ್ರಿಲಿಕ್ ಮೂರಕ್ಕೂ ಆಗುತ್ತದೆ. ಅಕ್ರಿಲಿಕ್‌ನಲ್ಲಿ ಕಾಸ್ಟ್ ಶೀಟಾದರೆ ಚೂರು ಬಿಡಿಬಿಡಿಯಾಗಿ ಬರುತ್ತದೆ, ಎಕ್ಸ್‌ಟ್ರೂಡೆಡ್ ಆದರೆ ಕರಗಿ ಬಿಟ್ಟಿಗೆ ಮೆತ್ತಿಕೊಳ್ಳುತ್ತದೆ. ಒಂದೇ ಹಲ್ಲಿನ ಬಿಟ್ ಹಾಕಿದರೆ ಎರಡನ್ನೂ ಸಂಭಾಳಿಸಬಹುದು. ತಕರಾರು ಇರುವುದು ಯಂತ್ರದಲ್ಲಲ್ಲ, ಲೆಕ್ಕದಲ್ಲಿ. 7 ಲಕ್ಷ ಸಾಲ ಮಾಡಿ, ಶೇ. 11ರ ಬಡ್ಡಿಯಲ್ಲಿ 5 ವರ್ಷಕ್ಕೆ ತೀರಿಸುವುದಾದರೆ ತಿಂಗಳ ಕಂತೇ 15,200 ರೂಪಾಯಿಯ ಹತ್ತಿರ ಬರುತ್ತದೆ. ಅದರ ಮೇಲೆ ತ್ರೀ ಫೇಸ್ ಸಂಪರ್ಕ, ಹೆಚ್ಚುವರಿ ಲೋಡ್ ಮಂಜೂರಾತಿ, ಧೂಳು ಹೀರುವ ಯಂತ್ರ, ಬಿಟ್‌ಗಳು, ಎಲ್ಲಕ್ಕಿಂತ ಮುಖ್ಯವಾಗಿ ಅದನ್ನು ಓಡಿಸಬಲ್ಲ ಒಬ್ಬ ಹುಡುಗನ ಸಂಬಳ ಸೇರುತ್ತದೆ. ಕೆಲಸ ಕಲಿತ ಹುಡುಗ ಬೆಂಗಳೂರಿಗೆ ಹೋದರೆ ಯಂತ್ರ ಮೂಲೆ ಸೇರುತ್ತದೆ, ಕಂತು ನಿಲ್ಲುವುದಿಲ್ಲ. ತಿಂಗಳಿಗೆ ಜಾಬ್ ವರ್ಕ್‌ಗೆಂದು ಹೊರಗೆ ಕೊಡುತ್ತಿರುವ ಬಿಲ್ಲು ಈ ಒಟ್ಟು ಮೊತ್ತಕ್ಕೆ ಸಮನಾಗುವವರೆಗೆ ಸಿಎನ್‌ಸಿ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈಗ ಜಿಲ್ಲಾ ಕೇಂದ್ರಗಳಲ್ಲೆಲ್ಲ ಜಾಬ್ ವರ್ಕ್ ಮಾಡಿಕೊಡುವವರಿದ್ದಾರೆ. ಅವರಿಗೆ ಅಕ್ಷರಗಳನ್ನು ಒಪ್ಪಿಸಿ, ಹಿನ್ನೆಲೆಯ ಡಬ್ಬವನ್ನು ನಮ್ಮಲ್ಲೇ ರೈಲು ಮತ್ತು ಟ್ರಿಮ್ಮರ್‌ನಿಂದ ಮಾಡಿಕೊಂಡರೆ ಎರಡೂ ಕೆಲಸ ಒಟ್ಟೊಟ್ಟಿಗೆ ಸಾಗುತ್ತವೆ.

ಯಂತ್ರದ ನಿಖರತೆಯ ಅಂಕಿಗೆ ಮರುಳಾಗಿ ಹಣ ಹೆಚ್ಚು ಕೊಡಬೇಕಾಗಿಯೂ ಇಲ್ಲ. 0.05 ಮಿ.ಮೀ. ಎಂದು ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಎಂಟಡಿ ಅಕ್ರಿಲಿಕ್ ಶೀಟು ಬೆಳಗಿನ ತಂಪಿನಿಂದ ಮಧ್ಯಾಹ್ನದ ಬಿಸಿಲಿಗೆ 30 ಡಿಗ್ರಿ ಕಾದರೆ 5 ಮಿ.ಮೀ.ನಷ್ಟು ಉದ್ದವಾಗುತ್ತದೆ. ಲೈಟ್ ಬಾಕ್ಸಿನ ಚೌಕಟ್ಟಿನಲ್ಲಿ ಅಷ್ಟು ಸಂದಿಯನ್ನು ಬೇಕೆಂದೇ ಬಿಡುವ ನಮಗೆ ಅರ್ಧ ಮಿ.ಮೀ. ನಿಖರತೆ ಧಾರಾಳವಾಯಿತು.

ಬಿಲ್ಲಿನ ವಿಷಯವನ್ನೂ ಹೇಳಬೇಕು. ಈ ಯಂತ್ರಗಳ ಮೇಲೆ ಶೇ. 18 ಜಿಎಸ್‌ಟಿ ಇದೆ. ಸಾಮಾನ್ಯ ನೋಂದಣಿ ಇರುವವರಿಗೆ ಅದು ಇನ್‌ಪುಟ್ ಕ್ರೆಡಿಟ್ ಆಗಿ ಮರಳುತ್ತದೆ, ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಮರಳುವುದಿಲ್ಲ. ಆದ್ದರಿಂದ ಇಬ್ಬರು ಅಕ್ಕಪಕ್ಕದ ಅಂಗಡಿಯವರಿಗೆ ಒಂದೇ ಯಂತ್ರದ ನಿಜವಾದ ಬೆಲೆ ಬೇರೆ ಬೇರೆಯಾಗುತ್ತದೆ. ಬಿಲ್ಲಿಲ್ಲದೆ ಕೊಟ್ಟರೆ ಇಷ್ಟು ಕಡಿಮೆ ಎನ್ನುವ ಮಾರಾಟಗಾರನ ಬಳಿ ವಾರಂಟಿಯ ಮಾತೂ ಇರುವುದಿಲ್ಲ.

ಸ್ವಂತ ಮಳಿಗೆಗೆ ಹೊಸದಾಗಿ ಜೋಡಿಸುವುದಾದರೆ ನಾನು ಮೊದಲು ಮೇಜು, ಮೂರು ಮೀಟರ್ ರೈಲಿನ ಪ್ಲಂಜ್ ಸಾ ಮತ್ತು ಟ್ರಿಮ್ಮರ್ ತರುತ್ತೇನೆ. ಜಿಐ ಫಲಕಗಳ ಕೆಲಸ ಸಿಕ್ಕ ಮೇಲೆ ಸೆಕೆಂಡ್ ಹ್ಯಾಂಡ್ ಶಿಯರಿಂಗ್ ಮಷಿನ್. ಸನ್‌ಬೋರ್ಡ್ ಮತ್ತು ಅಕ್ರಿಲಿಕ್‌ನ ಸಣ್ಣ ಫಲಕಗಳು ದಿನವೂ ಬರತೊಡಗಿದರೆ 165 ಸೆಂ.ಮೀ. ವರ್ಟಿಕಲ್ ಕಟ್ಟರ್. ಲೇಸರ್ ಮತ್ತು ಸಿಎನ್‌ಸಿಗಳಲ್ಲಿ ಮೊದಲು ಯಾವುದು ಎಂಬುದನ್ನು ಜಾಬ್ ವರ್ಕ್ ಬಿಲ್ಲುಗಳೇ ತೀರ್ಮಾನಿಸಲಿ. ಅವುಗಳಲ್ಲಿ ಅಕ್ರಿಲಿಕ್ ಅಕ್ಷರ ಹೆಚ್ಚಿದೆಯೋ ಎಸಿಪಿ ಕೆಲಸ ಹೆಚ್ಚಿದೆಯೋ ಎಂದು ವರ್ಷದ ಕೊನೆಯಲ್ಲಿ ಬೇರ್ಪಡಿಸಿ ಕೂಡಿದರೆ ಉತ್ತರ ಕೈಗೆ ಸಿಗುತ್ತದೆ. ಪ್ಲಂಜ್ ಸಾ ಕೊಳ್ಳುವ ದಿನವೇ ಅಲ್ಯೂಮಿನಿಯಂ ಬ್ಲೇಡು ಎರಡು ಇರಲಿ. ಒಂದನ್ನು ಸಾಣೆಗೆ ಕಳಿಸಿದರೆ ಮರಳಿ ಬರಲು ಎಷ್ಟು ದಿನವಾಗುತ್ತದೋ ಹೇಳಲಾಗದು, ದೀಪಾವಳಿಯ ಮುಂಚಿನ ವಾರದಲ್ಲಂತೂ ಯಾವ ಗಿರಾಕಿಯೂ ಕಾಯುವುದಿಲ್ಲ.